ಪಾಲೆಂಬಾಂಗ್‌ನ ಪದಕಗಳಿಗೆ ತೆತ್ತ ಬೆಲೆ
2018ರ ಏಷ್ಯನ್ ಕ್ರೀಡಾಕೂಟದಲ್ಲಿ, ಇಂಡೋನೇಷ್ಯಾದ ಪಾಲೆಂಬಾಂಗ್ ನಗರದಲ್ಲಿ ಭಾರತದ ರೋಯಿಂಗ್ (ಹುಟ್ಟು ಹಾಕಿ ದೋಣಿ ನಡೆಸುವ ಸ್ಪರ್ಧೆ) ತಂಡ ಗೆದ್ದ ಚಿನ್ನದ ಕುರಿತು ಲೇಖನವೊಂದನ್ನು ಓದಿದೆ; ಆ ಗೆಲುವನ್ನು ಅದರ ಲೇಖಕರು ಛಲದ ಫಲವೆಂದು ಬಣ್ಣಿಸಿದ್ದಾರೆ. ಛಲವಿತ್ತೆಂಬುದರಲ್ಲಿ ಎರಡು ಮಾತಿಲ್ಲ. ಅನಾರೋಗ್ಯದ ನಡುವೆ ಒಂಟಿ ದೋಣಿಯ ಸ್ಪರ್ಧೆಯಲ್ಲಿ ಪದಕ ತಪ್ಪಿಸಿಕೊಂಡಿದ್ದ ದತ್ತು ಭೋಕನಾಳ್ ಅವರು ಮರುದಿನವೇ ಸವರ್ಣ್ ಸಿಂಗ್, ಓಂ ಪ್ರಕಾಶ್ ಹಾಗೂ ಸುಖ್‌ಮೀತ್ ಸಿಂಗ್ ಅವರೊಡನೆ ನಾಲ್ವರ ದೋಣಿಯಲ್ಲಿ ಕುಳಿತು ಗೆದ್ದರು.

ಆದರೆ ಪರಸ್ಥಳದ ಸ್ಪರ್ಧೆಯ ಕಷ್ಟವನ್ನು ಲೇಖನ ಮುಟ್ಟಿಯೇ ಇಲ್ಲ. ನಾಲ್ವರ ದೋಣಿಯ ಉದ್ದ ಹನ್ನೆರಡು ಮೀಟರಿಗೂ ಹೆಚ್ಚು. ಅದನ್ನು ದೂರದೇಶಕ್ಕೆ ಸಾಗಿಸುವುದು ದುಬಾರಿಯಾದ್ದರಿಂದ ಅನೇಕ ತಂಡಗಳು ಅಲ್ಲಿಯೇ ಬಾಡಿಗೆಗೆ ಪಡೆದು, ಪಾದ ಊರುವ ಹಲಗೆಯ ಸ್ಥಾನವನ್ನೂ ಹುಟ್ಟು ಕೂರುವ ಕೊಂಡಿಯ ಎತ್ತರವನ್ನೂ ಕೆಲವೇ ದಿನಗಳಲ್ಲಿ ತಮ್ಮ ಮೈಕಟ್ಟಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ. (ಮಿಲಿಮೀಟರುಗಳ ಲೆಕ್ಕದ ಈ ಕೆಲಸ ದೂರದರ್ಶನದಲ್ಲಿ ಕಾಣುವುದಿಲ್ಲ.)

ಇನ್ನೂ ಕಠಿಣವಾದುದು ಹಗುರ ತೂಕದ ವಿಭಾಗ. ಅಲ್ಲಿ ಒಂಟಿ ದೋಣಿಯ ಪುರುಷ ಸ್ಪರ್ಧಿಯ ತೂಕ 72.5 ಕಿಲೋ ಮೀರುವಂತಿಲ್ಲ, ಮತ್ತು ತೂಕ ನೋಡುವುದು ಸ್ಪರ್ಧೆಗೆ ಒಂದೆರಡು ಗಂಟೆ ಮೊದಲು. ಸಮಭಾಜಕ ವೃತ್ತಕ್ಕೆ ಹತ್ತಿರದ ಪಾಲೆಂಬಾಂಗ್‌ನ ಸೆಕೆಯಲ್ಲಿ, ರೂಢಿಯಿಲ್ಲದ ಊಟದೊಡನೆ ಈ ಮಿತಿಯೊಳಗೆ ಉಳಿದು, ನಂತರ 2000 ಮೀಟರ್ ಹುಟ್ಟು ಹಾಕುವುದೆಂದರೆ ದೇಹವನ್ನು ಅಂಚಿಗೆ ತಳ್ಳಿದಂತೆಯೇ. ಆ ವಿಭಾಗದಲ್ಲಿ ಕಂಚು ಗೆದ್ದ ದುಷ್ಯಂತ್ ಚೌಹಾಣ್ ಅವರನ್ನು ಸ್ಟ್ರೆಚರಿನಲ್ಲಿ ಹೊತ್ತೊಯ್ಯಬೇಕಾಯಿತು. ಚಿನ್ನ ಬಂದದ್ದೂ ಅದೇ ದಿನ, ಆಗಸ್ಟ್ 24ರಂದು. ನನ್ನ ಮಟ್ಟಿಗೆ ಆ ಕಂಚಿಗೂ ಲೇಖನದಲ್ಲಿ ಒಂದು ಪ್ಯಾರಾ ಸಲ್ಲಬೇಕಿತ್ತು.