ಗಂಗಾ ಸ್ನಾನ, ತುಂಗಾ ಬೋರ್ಡು

ಗೆಳೆಯನೊಬ್ಬ ಬೆಂಗಳೂರಿನಲ್ಲಿ ಬೆಣ್ಣೆ ದೋಸೆ ಹೋಟೆಲ್ ಶುರು ಮಾಡಿದ. ದೋಸೆ ಹುಯ್ಯೋ ಭಟ್ಟರಿಗಿಂತ ಮೊದಲೇ ಡಿಸೈನರ್ ಸಿಕ್ಕಿದ್ದ. ಇಂಗ್ಲಿಷ್ ಹೆಸರಿಗೆ ಫಾಂಟ್ ಹುಡುಕೋದೇ ಮೂರು ವಾರ ನಡೀತು. ಕೈಯಲ್ಲಿ ಬರೆದ ಹಾಗಿರಬೇಕಂತೆ, ಆದರೆ ಕೈಯಲ್ಲಿ ಬರೆಯಬಾರದಂತೆ. 'ಬಿ' ಅಕ್ಷರದ ಬಾಲ ಕಾವಲಿ ಮೇಲೆ ಬೆಣ್ಣೆ ಜಾರಿದ ಹಾಗೆ ಜಾರಬೇಕಂತೆ. ಕೊನೆಗೆ ಡಾಲರ್ ಕೊಟ್ಟು ಕೊಂಡರು.

ಬೋರ್ಡು ಪ್ರಿಂಟಿಗೆ ಹೋಗೋ ಸಂಜೆ ಯಾರಿಗೋ ಕನ್ನಡ ನೆನಪಾಯ್ತು. ರಾಜ್ಯದ ಕನ್ನಡ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿ ಪ್ರಕಾರ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಗಡೆ. ಡಿಸೈನರ್ ಗಾಬರಿ ಆಗಲಿಲ್ಲ. ತುಂಗಾ ಇದೆಯಲ್ಲ! ವಿಂಡೋಸ್ ಎಕ್ಸ್‌ಪಿ ಕಾಲದಿಂದ ವಿಂಡೋಸ್‌ನಲ್ಲಿ ಪುಕ್ಕಟೆ ಸಿಗೋ ಕನ್ನಡ ಫಾಂಟು, ಪಾಪ, ಯಾರ ತಂಟೆಗೂ ಹೋದದ್ದಲ್ಲ. ಅದರ ಎರಡೂ ತುದಿ ಹಿಡಿದು ಶೇ 60 ಆಗೋ ತನಕ ಎಳೆದ. ತಲೆಕಟ್ಟು ಬಟ್ಟೆ ಒಣಹಾಕೋ ಹಗ್ಗದ ಹಾಗಾಯ್ತು, 'ದೋ' ಅಕ್ಷರದ ಹೊಟ್ಟೆಯಲ್ಲಿ ಒಂದು ಸ್ಕೂಟರ್ ನಿಲ್ಲಿಸಬಹುದು. ಕೆಳಗಿಂದ ಆ ದುಬಾರಿ 'ಬಿ' ಬಾಲ ಎತ್ತಿಕೊಂಡು ಬಂದು ಸರಿಯಾಗಿ ಣ ಒತ್ತಿನ ಮೇಲೆ ಕೂತಿತು. ಹಾಗಾಗಿ ಬೋರ್ಡಿನಲ್ಲಿ ಈಗ ಇರೋದು 'ಬೆಣೆ ದೋಸೆ'. ಸೌದೆ ಸೀಳೋಕೆ ಹೊಡೀತಾರಲ್ಲ, ಆ ಬೆಣೆ.

ಅಧಿಕಾರಿಯೊಬ್ಬರು ಟೇಪು ಹಿಡಿದು ಬಂದರು. ಉದ್ದ ಅಳೆದರು, ಅಗಲ ಅಳೆದರು, ಓದೋ ಗೋಜಿಗೆ ಹೋಗಲಿಲ್ಲ. ಅಳತೆ ಸರಿ ಇತ್ತು, ದೋಸೆ ತಿಂದು ಹೋದರು.

ಕನ್ನಡಕ್ಕೆ ಒಳ್ಳೆ ಫಾಂಟೇ ಇಲ್ಲ ಅಂತ ಡಿಸೈನರ್ ಗೊಣಗಿದ. ಇಲ್ಲದೆ ಏನು? ಗೂಗಲ್ ಫಾಂಟ್ಸ್‌ನಲ್ಲಿ ಕಾಸಿಲ್ಲದೆ ಸಿಗುತ್ತವೆ. ಗುಂಡುಗುಂಡಗಿರೋ ಬಲೂ ತಮ್ಮ ಇದೆ (ಅದರ ತಮಿಳು ಒಡಹುಟ್ಟಿನ ಹೆಸರು ತಂಬಿ, ತೆಲುಗಿನದ್ದು ತಮ್ಮುಡು, ಮನೆಮಂದಿಯೆಲ್ಲ ಇದ್ದಾರೆ), ಅನೇಕ್ ಇದೆ, ಹುಬ್ಬಳ್ಳಿ ಇದೆ, ಬೆಣ್ಣೆ ಅನ್ನೋ ಹೆಸರಿನದೇ ಒಂದಿದೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದರು ಅಂತಾರಲ್ಲ, ಇವನು ಬೆಣ್ಣೆ ಬಿಟ್ಟು ಬೆಣೆಗೆ ಅಲೆದ.

ಬೆಣ್ಣೆ ಫಾಂಟಿನಲ್ಲಿ ಬೋರ್ಡು ಬದಲಿಸು ಅಂದೆ, ಗೆಳೆಯ ಒಪ್ಪಲಿಲ್ಲ. "ಸುಮ್ನಿರು ಮಾರಾಯ, ಬೋರ್ಡು ಯಾರು ಓದ್ತಾರೆ?" ಅಂದ. ಮಾರನೇ ದಿನ ದಾವಣಗೆರೆ ಕಡೆಯ ಅಜ್ಜಿಯೊಬ್ಬರು ಬಾಗಿಲಲ್ಲೇ ನಿಂತು, "ತಮ್ಮಾ, ಇದು ತಿನ್ನೋದಾ, ಬಡಿಯೋದಾ?" ಅಂತ ಕೇಳಿದ ಮೇಲೆ ಡಿಸೈನರ್‌ಗೆ ಫೋನ್ ಹೋಯ್ತು. ಅವನು ನನ್ನ ಮಾತಿಗೆ ಬೆಲೆ ಕೊಟ್ಟು ಬೆಣ್ಣೆ ಫಾಂಟೇ ಇಳಿಸಿಕೊಂಡ. ಅವನದು ಹಳೇ ಫೋಟೋಶಾಪ್, ಅದರಲ್ಲಿ ಭಾರತೀಯ ಲಿಪಿಗೆ ಒಂದು ಆಯ್ಕೆ ಬದಲಾಯಿಸಬೇಕು, ಇಲ್ಲದಿದ್ದರೆ ಒತ್ತು ಕೆಳಗೆ ಇಳಿಯೋದಿಲ್ಲ. ಅದೊಂದನ್ನು ಬಿಟ್ಟ. ಹೊಸ ಬೋರ್ಡು ಬಂತು: 'ಬೆಣ್‌ಣೆ ದೋಸೆ'.

ನಾನು ಬಾಯಿ ತೆರೆಯೋ ಮೊದಲೇ ಡಿಸೈನರ್ ಅಂದ, "ಸರ್, ಒಂದಕ್ಷರ ಜಾಸ್ತಿ ಆಯ್ತು ನೋಡಿ. ಈಗ ಕನ್ನಡ ಶೇ 65!"