ಇನ್ನು 360 ಹೆಜ್ಜೆ ಬಾಕಿ

ರಾತ್ರಿ 11:40. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯುವ ವ್ರತ ನನ್ನದು. ಮೊಬೈಲ್ ನೋಡಿದರೆ 9,640 ಹೆಜ್ಜೆ. ಹನ್ನೆರಡು ಹೊಡೆದರೆ ಲೆಕ್ಕ ಮತ್ತೆ ಸೊನ್ನೆ. ಹಾಗೇ ಬಿಟ್ಟು ಮಲಗಲು ಮನಸ್ಸು ಬರಲಿಲ್ಲ. ಲೈಟ್ ಹಾಕಿದರೆ ಹೆಂಡತಿ ಏಳುತ್ತಾಳೆ ಎಂದು ಕತ್ತಲಲ್ಲೇ ಊಟದ ಮೇಜಿಗೆ ಪ್ರದಕ್ಷಿಣೆ ಹಾಕತೊಡಗಿದೆ. ಹನ್ನೊಂದನೇ ಸುತ್ತಿಗೆ ಕಾಲಿನ ಕಿರುಬೆರಳು ಕುರ್ಚಿಗೆ ಬಡಿಯಿತು. ನನ್ನ ಕೂಗಿಗೆ ಲೈಟ್ ತಾನಾಗಿಯೇ ಹೊತ್ತಿಕೊಂಡಿತು.

“ರೀ, ಕಳ್ಳ ಬಂದ್ನಾ?”

“ಇಲ್ಲ ಕಣೇ, ಇನ್ನು 140 ಹೆಜ್ಜೆ ಬಾಕಿ ಇದೆ.”

ಕಳ್ಳನೇ ಬಂದಿದ್ದರೆ ಚೆನ್ನಾಗಿತ್ತು ಎನ್ನುವ ಹಾಗೆ ನೋಡಿ ಲೈಟ್ ಆರಿಸಿದಳು.

ಮರುದಿನ ಬೆರಳಿಗೆ ಐಸ್ ಇಟ್ಟುಕೊಂಡು, ಈ ಹತ್ತು ಸಾವಿರ ಎಲ್ಲಿಂದ ಬಂತು ಎಂದು ಹುಡುಕಿದೆ. (ಬೆರಳು ಊದುವ ಮೊದಲೇ ಹುಡುಕಬಹುದಿತ್ತು, ಅದು ಬೇರೆ ಮಾತು.) 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ತಂದಿತಂತೆ. ಹೆಸರು ‘ಮಾನ್‌ಪೋ-ಕೇ’. ಹಾಗೆಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ವೈದ್ಯರು ಅಳೆದು ತೂಗಿ ಹೇಳಿದ ಅಂಕಿ ಎಂದು ನಂಬಿದ್ದೆ. ಅದು ಡಬ್ಬಿಯ ಮೇಲಿದ್ದ ಹೆಸರು! ಅದಕ್ಕಿಂತ ಕಡಿಮೆ ನಡೆದರೂ ಲಾಭ ಇದ್ದೇ ಇದೆಯಂತೆ.

ದಿನಕ್ಕೆ ಎಂಟು ಲೋಟ ನೀರು ಕುಡಿಯಲೇಬೇಕು ಎನ್ನುವ ಕಥೆಯೂ ಇಂಥದ್ದೇ. ಆ ವ್ರತ ಹಿಡಿದ ವಾರ ಒಂದೇ ಮೀಟಿಂಗಿನಲ್ಲಿ ಮೂರು ಸಲ ಎದ್ದು ಓಡಿದ್ದೆ. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣೆ ಮಂಡಳಿ, ದೊಡ್ಡವರಿಗೆ ದಿನಕ್ಕೆ ಸುಮಾರು 2.5 ಲೀಟರ್ ನೀರು ಬೇಕು ಎಂದಿತ್ತು. ಅದರಲ್ಲಿ ಹೆಚ್ಚಿನ ಪಾಲು ತಿನ್ನುವ ಆಹಾರದಲ್ಲೇ ಇರುತ್ತದೆ ಎಂದೂ ಅಲ್ಲೇ ಬರೆದಿತ್ತು. ಆ ಎರಡನೇ ಮಾತು ನನ್ನವರೆಗೆ ಬರಲೇ ಇಲ್ಲ.

ಅನ್ನ, ಚಪಾತಿಯಂಥ ಕಾರ್ಬ್ಸ್ ಬಿಟ್ಟು ಒಂದೇ ವಾರದಲ್ಲಿ ಎರಡು ಕಿಲೋ ಇಳಿದೆ ಎಂದು ಎಲ್ಲರಿಗೂ ಫೋನ್ ಮಾಡಿದ್ದೆನಲ್ಲ, ಅದೂ ಬಹುಪಾಲು ನೀರೇ. ದೇಹ ಕಾರ್ಬ್ಸ್‌ನಿಂದ ಮಾಡಿ ಕೂಡಿಟ್ಟ ಸಕ್ಕರೆಗೆ ಗ್ಲೈಕೋಜನ್ ಎನ್ನುತ್ತಾರೆ; ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಅದು ಖರ್ಚಾದರೆ ನೀರೂ ಹೋಗುತ್ತದೆ. ಮತ್ತೆ ಮೊದಲಿನಂತೆ ತಿಂದಾಗ ಎರಡೂ ಒಟ್ಟಿಗೇ ಮನೆಗೆ ಬಂದವು. ಅದನ್ನು ಯಾರಿಗೂ ಫೋನ್ ಮಾಡಿ ಹೇಳಲಿಲ್ಲ.

ಈಗ ಯಾರು ಏನು ಹೇಳಿದರೂ ಕೆದಕುತ್ತೇನೆ. ಮೊನ್ನೆ ಗೆಳೆಯನೊಬ್ಬ, “ರಾತ್ರಿ ಊಟ ಬಿಡು, ನಮ್ಮ ಭಾವ ಹಾಗೇ ಮಾಡಿ ತಿಂಗಳಲ್ಲಿ ಆರು ಕಿಲೋ ಇಳಿದರು” ಎಂದ.

“ಬರೀ ರಾತ್ರಿ ಊಟ ಬಿಟ್ಟಿದ್ದಕ್ಕಾ? ಬೇರೇನೂ ಮಾಡಿಲ್ವಾ?”

“ಏನೂ ಇಲ್ಲ ಕಣೋ.” ಸ್ವಲ್ಪ ಯೋಚಿಸಿ, “ಆ ತಿಂಗಳು ಟೈಫಾಯ್ಡ್ ಬಂದಿತ್ತು, ಅಷ್ಟೇ” ಎಂದ.