ಪಿಸಿಓಎಸ್ ಸಂಶೋಧನೆ: ರೂಪಿಸುವಾಗ ರೋಗಿಗಳನ್ನೂ ಕೂಡಿಸಿಕೊಳ್ಳಬೇಕೇ?

ಪರ
(ಬಳ್ಳಾರಿಯ ಪ್ರೌಢಶಾಲಾ ಶಿಕ್ಷಕಿ)

ಮುಟ್ಟಾದ ಎರಡನೆಯ ಅಥವಾ ಮೂರನೆಯ ದಿನ ಬರಿಹೊಟ್ಟೆಯಲ್ಲಿ ಬಂದು ರಕ್ತ ಕೊಡಬೇಕೆಂದು ಪಿಸಿಓಎಸ್ (ಹಾರ್ಮೋನುಗಳ ಏರುಪೇರಿನಿಂದ ಮುಟ್ಟು ಏರುಪೇರಾಗುವ, ಮುಖದ ಮೇಲೆ ಕೂದಲು ಬೆಳೆಯಬಹುದಾದ ತೊಂದರೆ) ಅಧ್ಯಯನಗಳು ಸಾಮಾನ್ಯವಾಗಿ ಕೇಳುತ್ತವೆ. ಮೂರು ತಿಂಗಳಿಗೊಮ್ಮೆ ಮುಟ್ಟಾಗುವವಳಿಗೆ, ಅದರಲ್ಲೂ ನಮ್ಮೂರಿನ ಜೀನ್ಸ್ ಘಟಕದಲ್ಲಿ ಪೀಸಿನ ಲೆಕ್ಕಕ್ಕೆ ಹೊಲಿಯುವವಳಿಗೆ, ಆ ದಿನ ಯಾವಾಗ ಬರುತ್ತದೆಂದು ಮೊದಲೇ ತಿಳಿಯುವುದಾದರೂ ಹೇಗೆ, ಬಂದಾಗ ಕೂಲಿ ಬಿಟ್ಟು ಹೊರಡುವುದಾದರೂ ಹೇಗೆ? ಯೋಜನೆ ರೂಪಿಸುವಾಗಲೇ ಈ ತೊಂದರೆಯಿರುವ ಇಬ್ಬರನ್ನು ಕರೆದು ಕೇಳಿದ್ದರೆ ಈ ಮಾತು ಅಂದೇ ಹೊರಬರುತ್ತಿತ್ತು.

ನಾನು ಪಿಯುಸಿಯಲ್ಲಿದ್ದಾಗ ಗದ್ದದ ಮೇಲೆ ಕೂದಲು ದಟ್ಟವಾಗತೊಡಗಿತು. ತೋರಿಸಲು ಹೋದರೆ ವೈದ್ಯರು ನನ್ನತ್ತ ನೋಡದೆ ಅವ್ವನಿಗೆ, "ಮದುವೆ ಮಾಡಿರಿ, ಎಲ್ಲ ಸರಿಹೋಗುತ್ತದೆ" ಎಂದರು. ಕೂದಲಿನ ಬಗ್ಗೆ ನಾನು ಕೇಳಿದ್ದಕ್ಕೆ ಉತ್ತರ ಬರಲೇ ಇಲ್ಲ. ಸಂಶೋಧನೆಯ ಬಹುಪಾಲು ಗಮನವೂ ಇದೇ ಜಾಡಿನಲ್ಲಿದೆ ಎಂಬುದು ನನ್ನ ದೂರು: ಗರ್ಭ ನಿಂತಿತೇ ಎಂಬುದನ್ನು ಶ್ರದ್ಧೆಯಿಂದ ಎಣಿಸುವವರು, ದುಪಟ್ಟಾದಿಂದ ಗದ್ದ ಮುಚ್ಚಿಕೊಂಡು ಕಾಲೇಜಿಗೆ ಹೋಗುವ ಹುಡುಗಿಯ ಸಂಕಟವನ್ನು ಅಷ್ಟೇ ಶ್ರದ್ಧೆಯಿಂದ ಎಣಿಸುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಮಹಿಳೆಯರಲ್ಲಿ ಶೇ 10ರಿಂದ 13ರಷ್ಟು ಮಂದಿಗೆ ಈ ತೊಂದರೆಯಿದೆ. ಅವರಲ್ಲಿ ಶೇ 70ರವರೆಗೆ ಅದು ತಮಗಿದೆಯೆಂದೇ ಅರಿಯದವರು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 2023ರಲ್ಲಿ ಪರಿಷ್ಕರಣೆಗೊಂಡ ಅಂತರರಾಷ್ಟ್ರೀಯ ಪಿಸಿಓಎಸ್ ಮಾರ್ಗಸೂಚಿಯ ರಚನೆಯಲ್ಲಿ ರೋಗಿಗಳೂ ಪಾಲ್ಗೊಂಡಿದ್ದರು. ಆತಂಕ, ಖಿನ್ನತೆಗಳನ್ನು ತಪಾಸಣೆ ಮಾಡಬೇಕೆಂದೂ, ತೂಕದ ಕಾರಣಕ್ಕೆ ಹೀಗಳೆಯುವುದು ಹಾನಿಕರವೆಂದೂ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ರೋಗಿಗೇನು ತಿಳಿಯುತ್ತದೆ ಎಂದು ಇನ್ನೂ ಮೂಗು ಮುರಿಯುವವರು ಅದನ್ನೊಮ್ಮೆ ಓದಲಿ.

ವಿರೋಧ
(ರಾಯಚೂರಿನ ವೈದ್ಯಕೀಯ ಬೋಧಕ)

ಸಂಪಾದಕರು ನನಗೆ ಈ ಪಕ್ಷವನ್ನು ವಹಿಸಿದ್ದಾರೆ. ಪ್ರಶ್ನಾವಳಿಯನ್ನು ರೋಗಿಗಳಿಂದ ಓದಿಸಿ ತಿದ್ದಿಸಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲವೆಂದು ಹೇಳಿಯೇ ಮುಂದುವರಿಯುತ್ತೇನೆ. ತಕರಾರಿರುವುದು ಅಧ್ಯಯನದ ಅವಧಿ, ಔಷಧದ ಪ್ರಮಾಣಗಳಂಥವನ್ನು ರೋಗಿಗಳ ಸಲಹಾ ಸಭೆಯ ಬಹುಮತಕ್ಕೆ ಬಿಡುವುದಕ್ಕೆ. ಮುಖದ ಕೂದಲು ಕಡಿಮೆಯಾಯಿತೇ ಎಂದು ತಿಳಿಯಲು ಕನಿಷ್ಠ ಆರು ತಿಂಗಳು ಬೇಕು, ಏಕೆಂದರೆ ಕೂದಲಿನ ಬೆಳವಣಿಗೆಯ ಚಕ್ರವೇ ಅಷ್ಟು ನಿಧಾನ. ಎರಡೇ ತಿಂಗಳಲ್ಲಿ ಫಲ ಬೇಕೆಂದು ಎಲ್ಲರೂ ಕೈಯೆತ್ತಿದರೂ ಆ ಚಕ್ರ ಬೇಗ ತಿರುಗುವುದಿಲ್ಲ.

ಇನ್ನು, ಸಭೆಗೆ ಬರುವವರು ಯಾರು? ಬಿಡುವೂ ಧೈರ್ಯವೂ ಇರುವ ಪಟ್ಟಣದ ವಿದ್ಯಾವಂತೆಯರು. ದೇವದುರ್ಗದಲ್ಲಿ ಹತ್ತಿ ಬಿಡಿಸುವವಳ ಪರವಾಗಿ ಮಾತನಾಡಲು ಅವರಿಗೆ ಅಧಿಕಾರ ಕೊಟ್ಟವರಾರು? ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಾದ ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯಂತೆ ಸಂಶೋಧನೆಯನ್ನು ಪರಿಶೀಲಿಸುವ ನೈತಿಕ ಸಮಿತಿಯಲ್ಲಿ ಜನಸಾಮಾನ್ಯರ ಪ್ರತಿನಿಧಿಯೊಬ್ಬರು ಇರಲೇಬೇಕು. ಅಷ್ಟು ಸಾಕೆಂದು ನನ್ನ ಭಾವನೆ. ಸಲಹಾ ಸಭೆಗಳಿಗೆ ತಗಲುವ ಹಣದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ರಕ್ತದ ಮಾದರಿ ಸಂಗ್ರಹಿಸುವ ಏರ್ಪಾಡು ಮಾಡಿದರೆ, ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತುವ ಖರ್ಚಾದರೂ ಅವಳಿಗೆ ಉಳಿಯುತ್ತದೆ.